ಬ್ಲೌಸ್ ಹೊಲಿಯೋ ಅಂಗಡಿ: ಹೇಳಿದ ದಿನಕ್ಕೆ ಕೊಡೋಕೆ ಟೈಮ್ ಲೆಕ್ಕ ಹೇಗೆ ಹಾಕೋದು?

ರವಿಕೆಮನೆ_ತುಮಕೂರು
ಎಲ್ಲರಿಗೂ ನಮಸ್ಕಾರ. ಲೇಡೀಸ್ ಟೈಲರಿಂಗ್ ಅಂಗಡಿ. ಎರಡು ಪವರ್ ಮೆಷೀನ್, ಒಂದು ಓವರ್‌ಲಾಕ್ (ಬಟ್ಟೆ ಅಂಚು ಬಿಚ್ಚದ ಹಾಗೆ ಹೊಲಿಯೋ ಮೆಷೀನ್). ಕಟಿಂಗ್ ಪೂರ್ತಿ ನನ್ನದು. ಹೊಲಿಗೆಗೆ ನಾನು ಮತ್ತು ಒಬ್ಬ ಹುಡುಗಿ. ಹೆಮ್ಮಿಂಗ್, ಹುಕ್ಕು, ಸೀರೆ ಫಾಲ್ಸ್ ಎಲ್ಲ ಪಕ್ಕದ ಬೀದಿಯ ಅಕ್ಕ ಒಬ್ಬರು ಪೀಸ್ ಲೆಕ್ಕದಲ್ಲಿ ಮನೆಗೆ ಒಯ್ದು ಮಾಡಿಕೊಡ್ತಾರೆ. ಬೆಳಿಗ್ಗೆ 10.30ರಿಂದ ರಾತ್ರಿ 8.30. ಈಗ ಕೈಯಲ್ಲಿ 60 ಬ್ಲೌಸ್ ಇವೆ, ಹೆಚ್ಚುಕಮ್ಮಿ ಎಲ್ಲವೂ ಲೈನಿಂಗ್ ಹಾಕೋದು. ಬಂದವರಿಗೆಲ್ಲ "ಒಂದು ವಾರ" ಅಂತ ಹೇಳೋದು ರೂಢಿ, ಆಮೇಲೆ ವಾರಪೂರ್ತಿ "ಆಯ್ತಾ?" ಅನ್ನೋ ಫೋನು. ಯಾವ ಆ್ಯಪ್ ಹಾಕ್ಕೊಂಡ್ರೆ ಒಳ್ಳೇದು? 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಪೊಮೊಡೊರೊ ನಮ್ಮ ಕೆಲಸಕ್ಕೆ ಆಗುತ್ತಾ?

ಪೀಣ್ಯ_ಐಇ
ಆ್ಯಪ್ ವಿಷಯ ಆಮೇಲೆ ನೋಡೋಣ ಮೇಡಂ. ಮೊದಲು ಒಂದು ಬ್ಲೌಸ್‌ಗೆ ಎಷ್ಟು ನಿಮಿಷ ಹೋಗುತ್ತೆ ಅಂತ ಗೊತ್ತಿರಬೇಕು. ಗಾರ್ಮೆಂಟ್ಸ್‌ನಲ್ಲಿ ಪ್ರತಿ ಆಪರೇಷನ್‌ಗೂ ನಿಮಿಷ ಕಟ್ಟಿಟ್ಟಿರ್ತಾರೆ, ಅದಿಲ್ಲದೆ ಯಾರೂ ಆರ್ಡರ್ ಒಪ್ಪಲ್ಲ. ಮೊಬೈಲ್ ಸ್ಟಾಪ್‌ವಾಚ್ ಇಟ್ಕೊಂಡು ಐದು ಲೈನಿಂಗ್ ಬ್ಲೌಸ್ ಅಳೆಯಿರಿ. ಕಟಿಂಗ್ ಬೇರೆ, ಮೆಷೀನ್ ಬೇರೆ, ಹೆಮ್ಮಿಂಗ್ ಬೇರೆ, ಇಸ್ತ್ರಿ ಬೇರೆ. ಅತಿ ಬೇಗ ಆದದ್ದನ್ನೂ ಅತಿ ತಡ ಆದದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ಹಿಡೀರಿ.

ಉದಾಹರಣೆಗೆ ಕಟಿಂಗ್ 15 ನಿಮಿಷ, ಮೆಷೀನ್ 70 ನಿಮಿಷ ಅಂದುಕೊಳ್ಳಿ. ಹುಡುಗಿ ಹತ್ತು ಗಂಟೆ ಅಂಗಡೀಲಿದ್ದರೂ ಊಟ, ಟೀ, ದಾರ ಬದಲಾಯಿಸೋದು, ಬಿಚ್ಚಿ ಹೊಲಿಯೋದು ಕಳೆದರೆ ಮೆಷೀನ್ ಓಡೋದು 7 ಗಂಟೆ, ಅಂದರೆ 420 ನಿಮಿಷ. ನಿಮಗೆ ಗಿರಾಕಿ ನೋಡೋದೂ ಇರೋದರಿಂದ ಕೈಗೆ ಸಿಗೋದು 4 ಗಂಟೆ, 240 ನಿಮಿಷ. ಅದರಲ್ಲಿ ಏಳು ಬ್ಲೌಸ್ ಕಟಿಂಗ್‌ಗೆ 105 ಹೋದರೆ ಹೊಲಿಗೆಗೆ 135. ಒಟ್ಟು 555 ನಿಮಿಷವನ್ನ 70ರಿಂದ ಭಾಗಿಸಿದರೆ 7 ಚಿಲ್ಲರೆ. ಆಲ್ಟರೇಷನ್‌ಗೆ ಒಂದು ಬ್ಲೌಸಿನಷ್ಟು ಜಾಗ ಬಿಟ್ಟರೆ ದಿನಕ್ಕೆ ಆರು. ಕೈಯಲ್ಲಿ 60 ಇದ್ದರೆ ಇವತ್ತು ಬಂದ ಬಟ್ಟೆಗೆ ಸರದಿ ಬರೋದು ಹತ್ತು ಕೆಲಸದ ದಿನ ಆದಮೇಲೆ. "ಒಂದು ವಾರ" ಅಂದ ಕೂಡಲೇ ಮಾತು ತಪ್ಪಿ ಆಯ್ತು, ಆಮೇಲೆ ರಾತ್ರಿ ಹನ್ನೊಂದರವರೆಗೆ ಕೂತರೂ ಸರಿಹೋಗಲ್ಲ.

ಕ್ಯೂ ಲೆಕ್ಕದಲ್ಲಿ ಇದನ್ನ ಲಿಟಲ್ ನಿಯಮ ಅಂತಾರೆ, ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ್ದು. ಕೈಯಲ್ಲಿರೋ ಕೆಲಸವನ್ನ ದಿನಕ್ಕೆ ಮುಗಿಯೋ ಕೆಲಸದಿಂದ ಭಾಗಿಸಿದರೆ ಕಾಯೋ ದಿನ. ಬಂದ ತಕ್ಷಣ ಮೆಷೀನ್ ಮೇಲೆ ಹಾಕಿದರೂ ಮೂಟೆ ಕಮ್ಮಿ ಆಗದೆ ಕಾಯೋದು ಕಮ್ಮಿ ಆಗಲ್ಲ.

ಬೊಟಿಕ್_ಉಡುಪಿ
ಮೇಲಿನ ಲೆಕ್ಕ ಸರಿ ಇದೆ, ಆದರೆ ಎಲ್ಲ ಬ್ಲೌಸೂ ಒಂದೇ ಅಲ್ಲವಲ್ಲ. ಪಾಯಿಂಟ್ ಹಾಕಿ. ಸಾದಾ ಲೈನಿಂಗ್ ಬ್ಲೌಸ್ 1. ಲೈನಿಂಗ್ ಇಲ್ಲದ್ದು 0.6. ಬೋಟ್ ನೆಕ್, ಹಿಂದೆ ಡೋರಿ (ಕಟ್ಟೋ ದಾರ) ಇದ್ದರೆ 1.25. ಪ್ರಿನ್ಸೆಸ್ ಕಟ್ ಪ್ಯಾಡೆಡ್ 1.5. ಚೂಡಿದಾರ್ ಸೆಟ್ 1.5. ಲೆಹೆಂಗಾಕ್ಕೆ 4 ಇಟ್ಟರೂ ಕಮ್ಮಿಯೇ. ಅಂಕಿಗಳನ್ನ ನಿಮ್ಮ ಸ್ಟಾಪ್‌ವಾಚ್ ನೋಡಿ ತಿದ್ದಿಕೊಳ್ಳಿ.

ಆಮೇಲೆ ತಾರೀಕಿಗೆ ದೊಡ್ಡ ಮನೆ (ಚೌಕ) ಇರೋ ಗೋಡೆ ಕ್ಯಾಲೆಂಡರ್ ಸಾಕು. ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಥರದ್ದು ಆದರೆ ಹಬ್ಬ, ಹುಣ್ಣಿಮೆಯೂ ಅಲ್ಲೇ ಕಾಣ್ತದೆ. ಪ್ರತಿ ದಿನದ ಮನೆಗೆ 6 ಪಾಯಿಂಟ್. ಆರ್ಡರ್ ಬಂದಾಗ ಬಿಲ್ ನಂಬರ್ ಬರೆದು ಪಾಯಿಂಟ್ ಕಳೆಯೋದು. ಮನೆ ತುಂಬಿದರೆ ಮುಂದಿನ ದಿನ. ಗಿರಾಕಿಗೆ ಹೇಳೋ ತಾರೀಕು ಆ ದಿನಕ್ಕೆ ಎರಡು ಸೇರಿಸಿ: ಒಂದು ಹೆಮ್ಮಿಂಗ್‌ಗೆ, ಒಂದು ಯಾರಾದರೂ ರಜೆ ಹಾಕಿದರೆ ಅಂತ. ಕ್ಯಾಲೆಂಡರ್ ಕೌಂಟರಿನ ಹಿಂದೆ, ಗಿರಾಕಿಗೆ ಕಾಣೋ ಹಾಗೆ ನೇತುಹಾಕಿ. ತುಂಬಿದ ಮನೆ ಕಣ್ಣಿಗೆ ಕಂಡರೆ "ನಾಳೆಗೇ ಬೇಕು" ಅನ್ನೋರ ಧ್ವನಿ ಅರ್ಧ ಇಳೀತದೆ.

ಪೆನ್ನಲ್ಲಿ ಬರೀಬೇಡಿ, ಪೆನ್ಸಿಲ್.

ದುರ್ಗದಬೈಲ್_ಹುಬ್ಬಳ್ಳಿ
ಇಬ್ಬರೂ ಚೊಲೊ ಹೇಳ್ಯಾರ, ಆದ್ರ ಒಂದು ಬಿಟ್ಟಾರ ನೋಡ್ರಿ. ಅರ್ಧ ಟೈಮು ಮೆಷೀನ್ ಮ್ಯಾಲೆ ಹೋಗೂದಿಲ್ಲ, ಕೌಂಟರ್‌ನ್ಯಾಗ ಪೂರ್ತಿ ಕೇಳದ ಬಟ್ಟಿ ಇಸಗೊಂಡಿದ್ದಕ್ಕ ಹೋಗ್ತದ. ಕಟಿಂಗ್‌ಗೆ ಕುಂತ ಮ್ಯಾಲೆ ಲೈನಿಂಗ್ ಬಣ್ಣ ಕೂಡೂದಿಲ್ಲ, ಗಳ (ನೆಕ್) ಎಷ್ಟು ಡೀಪ್ ಅಂತ ಬರದಿಲ್ಲ, ಫೋನ್ ಹಚ್ಚಿದ್ರ ಎತ್ತೂದಿಲ್ಲ. ಆ ಪೀಸು ಬದಿಗಿ ಬೀಳ್ತದ, ಮೂರು ದಿನ ಹಂಗ ಇರ್ತದ.

ಅದಕ್ಕ ಬಿಲ್ ಬುಕ್ಕಿನ್ಯಾಗ ಮೊದಲ ಛಾಪಾ ಹಾಕಸ್ರಿ: ಅಳತಿ ಬ್ಲೌಸ್ ಕೊಟ್ಟಾರೋ ಟೇಪಿಲೆ ತಗೊಂಡದ್ದೋ, ಮುಂದಿನ ಗಳ, ಹಿಂದಿನ ಗಳ, ತೋಳಿನ ಉದ್ದ, ಹುಕ್ಕು ಮುಂದೋ ಹಿಂದೋ, ಲೈನಿಂಗ್ ನಮ್ಮದೋ ಅವರದೋ, ಪೈಪಿಂಗ್, ಡೋರಿ, ಪ್ಯಾಡ್, ಸೀರಿ ಫಾಲ್ಸ್, ಕುಚ್ಚು. ಬ್ಲೌಸ್ ಪೀಸ್ ಸೀರಿಗೇ ಕೂಡಿದ್ರ ಅವರ ಮುಂದನ ಕಟ್ ಮಾಡ್ರಿ, ಎಷ್ಟು ಬಂತು ಅಂತ ಅಳದು ಬರೀರಿ. 80 ಸೆಂ.ಮೀ. ಪೀಸಿನ್ಯಾಗ ದಪ್ಪ ಮೈಯವರಿಗೆ ಉದ್ದ ತೋಳು ಕೂಡೂದು ಕಷ್ಟ, ಅದನ್ನ ಆವಾಗ್ಲೆ ಹೇಳ್ಬೇಕು. ಅಳತಿ ಬ್ಲೌಸ್ ಕೊಟ್ರ "ಇದು ಈಗ ಸರಿ ಆಗ್ತದೇನ್ರಿ, ಎಲ್ಲೆ ಬಿಗಿ ಅದ?" ಅಂತ ಕೇಳ್ರಿ. ಎರಡು ವರ್ಷದ ಹಿಂದಿನ ಬ್ಲೌಸ್ ತಂದಿರ್ತಾರ, ಅದರ ಪ್ರಕಾರ ಹೊಲದ್ರ ಆಲ್ಟರೇಷನ್ ಗ್ಯಾರಂಟಿ. ಒಂದು ಖಾನೆ ಖಾಲಿ ಇದ್ರೂ ಆ ಬಿಲ್ಲಿಗೆ ತಾರೀಖು ಕೊಡಬ್ಯಾಡ್ರಿ.

ರವಿಕೆಮನೆ_ತುಮಕೂರು
ಇದು ನಿಜ. ಆದರೆ ಹೀಗೆ ಕೇಳ್ತಾ ಕೂತರೆ ಒಬ್ಬೊಬ್ಬರಿಗೇ ಹತ್ತು ನಿಮಿಷ ಹೋಗುತ್ತಲ್ಲ? ಅದೂ ಮಧ್ಯೆ ಮಧ್ಯೆ ಬರ್ತಾನೇ ಇರ್ತಾರೆ.

ಕತ್ತರಿ_ಮಾಸ್ಟರ್
ಕೌಂಟರಲ್ಲಿ ಹತ್ತು ನಿಮಿಷ ಹೋಗಲಿ ಬಿಡಿ ಮೇಡಂ, ಆಲ್ಟರೇಷನ್‌ಗೆ ಬಂದರೆ ಅದೇ ಬ್ಲೌಸ್ ಬಿಚ್ಚೋಕೆ ಅರ್ಧ ಗಂಟೆ ಬೇಕು.

ಪೊಮೊಡೊರೊ ಕೇಳಿದ್ರಲ್ಲ. ಅದು ಓದೋರಿಗೆ, ಬರೆಯೋರಿಗೆ. ತೋಳು ಕೂರಿಸೋವಾಗ ಅಲಾರಂ ಹೊಡೆದರೆ ಎದ್ದು ಹೋಗ್ತೀರಾ? ನಮ್ಮ ಕೆಲಸದಲ್ಲಿ ನಿಲ್ಲೋ ಜಾಗ ಬಟ್ಟೆಯೇ ತೋರಿಸುತ್ತೆ: ಮುಂಭಾಗ ಎರಡೂ ಮುಗೀತು, ತೋಳು ಎರಡೂ ಮುಗೀತು, ಸೈಡ್ ಮುಗೀತು. ಅಲ್ಲಿ ಏಳಿ, ಫೋನ್ ನೋಡಿ, ನೀರು ಕುಡೀರಿ. ಮಧ್ಯದಲ್ಲಿ ಎದ್ದು ಬಂದರೆ ಬಲ ಎಡ ತೋಳು ಅದಲುಬದಲು ಆಗೋದು ಅಲ್ಲೇ.

ದಿನವನ್ನ ಮೂರು ತುಂಡು ಮಾಡಿ. 10.30ರಿಂದ 12.30 ಕಟಿಂಗ್ ಮಾತ್ರ. ಆ ಹೊತ್ತಲ್ಲಿ ಅಳತೆಯಿಲ್ಲ, ಫೋನಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಹೊಸ ಬ್ಲೌಸ್ ಪೀಸ್ ಕೊಡಬೇಕು, ರೇಷ್ಮೆ ಸೀರೆಯದ್ದಾದರೆ ಹುಡುಕಿದರೂ ಅಂಥ ಬಣ್ಣ ಸಿಗಲ್ಲ. ಮಧ್ಯಾಹ್ನದಿಂದ 4ರವರೆಗೆ ನಿಮ್ಮ ಹೊಲಿಗೆ. 4ರಿಂದ 7.30 ಅಳತೆ, ಟ್ರಯಲ್, ಡೆಲಿವರಿ. ಅದಾದಮೇಲೆ ಹೊಸ ಕೆಲಸ ಮುಟ್ಟಬೇಡಿ. ನಾಳೆಯ ಆರು ಪಾಯಿಂಟಿಗೆ ಬಟ್ಟೆ, ಲೈನಿಂಗ್, ದಾರ, ಬಿಲ್ ಒಂದೊಂದು ಕವರಿಗೆ ಹಾಕಿ, ಸಾಲಾಗಿ ಜೋಡಿಸಿಟ್ಟು ಹೋಗಿ.

ಬೊಟಿಕ್_ಉಡುಪಿ
ನಾಲ್ಕು ಗಂಟೆ ಮೇಲೆಯೇ ಬನ್ನಿ ಅಂದರೆ ಬೆಳಿಗ್ಗೆ ಬಂದೋರು ಎದುರಿನ ಅಂಗಡಿಗೆ ಹೋಗ್ತಾರೆ ಮಾಸ್ಟ್ರೇ. ಕೆಲಸಕ್ಕೆ ಹೋಗೋ ಹೆಂಗಸರು ಹೋಗುವಾಗ ಬಟ್ಟೆ ಕೊಟ್ಟು ಹೋಗೋದೇ ಹೆಚ್ಚು.

ಕತ್ತರಿ_ಮಾಸ್ಟರ್
ಬಾಗಿಲು ಹಾಕಿ ಅಂದಿಲ್ಲ. ಬೆಳಿಗ್ಗೆ ಬಂದೋರ ಬಟ್ಟೆ ಇಸ್ಕೊಳ್ಳಿ, ಕವರಿನ ಮೇಲೆ ಹೆಸರು ಬರೆದಿಟ್ಟುಕೊಂಡು ಕಳಿಸಿ, ಬಿಲ್ಲಿನ ಪ್ರಶ್ನೆಗಳನ್ನ ಸಂಜೆ ಫೋನಲ್ಲಿ ಕೇಳಿ. ಟೇಪ್ ಹಿಡಿಯೋ ಕೆಲಸ ಮಾತ್ರ ಸಂಜೆಗೆ. ಅಳತೆ ಬ್ಲೌಸ್ ತಂದೋರಿಗೆ ಅದೂ ಬೇಕಿಲ್ಲ.

ಪೀಣ್ಯ_ಐಇ
ಇಷ್ಟಕ್ಕೆ ನನ್ನದೂ ಒಪ್ಪಿಗೆ, ಒಂದು ಎಚ್ಚರಿಕೆಯೊಂದಿಗೆ. ಕಟಿಂಗ್ ಒಟ್ಟಿಗೆ ಮಾಡೋದು ಒಳ್ಳೇದು ಅಂತ ಸೋಮವಾರವೇ ವಾರದ 36 ಬ್ಲೌಸ್ ಕತ್ತರಿಸಿಡೋರು ಇದ್ದಾರೆ. ಬೇಡ. ಗುರುವಾರದ ಹೊತ್ತಿಗೆ ಗಿರಾಕಿ ಮೊಬೈಲಲ್ಲಿ ಇನ್ನೊಂದು ನೆಕ್ ಡಿಸೈನ್ ಕಳಿಸಿರ್ತಾರೆ, ಒಂದರ ತೋಳು ಇನ್ನೊಂದರ ಕಟ್ಟಲ್ಲಿ ಸೇರಿರುತ್ತೆ, ಅರ್ಜೆಂಟ್ ಬಂದರೆ ಕತ್ತರಿಸಿಟ್ಟದ್ದು ಕೆಳಗೆ ಹೋಗುತ್ತೆ. ಎರಡು ದಿನದ ಕೆಲಸ, ಅಂದರೆ 12 ಪಾಯಿಂಟ್, ಅದಕ್ಕಿಂತ ಹೆಚ್ಚು ಕತ್ತರಿಸಿಡಬೇಡಿ. ಕತ್ತರಿಸಿದ ಪ್ರತಿ ಬ್ಲೌಸನ್ನ ಅದರದೇ ಬಟ್ಟೆಯ ಅಂಚಿನ ಪಟ್ಟಿಯಿಂದ ಕಟ್ಟಿ ಬಿಲ್ ನಂಬರ್ ಚೀಟಿ ಪಿನ್ ಮಾಡಿ.

ಇನ್ನೊಂದು. ನಿಮ್ಮ ಹೆಮ್ಮಿಂಗ್ ಅಕ್ಕನ ಲೆಕ್ಕ ಯಾರೂ ಹಾಕಿಲ್ಲ. ಬ್ಲೌಸ್‌ಗೆ ಹೆಮ್ಮಿಂಗ್, ಹುಕ್ಕು ಸೇರಿ 25 ನಿಮಿಷ ಅಂದರೂ ಆರಕ್ಕೆ 150. ಜೊತೆಗೆ ನಾಲ್ಕು ಸೀರೆ ಫಾಲ್ಸ್, ಕೈಹೊಲಿಗೆ ತಲಾ 45 ನಿಮಿಷ, ಅದು 180. ಒಟ್ಟು ಐದೂವರೆ ಗಂಟೆ, ಮನೆಗೆಲಸದ ಮಧ್ಯೆ. ನೀವಿಬ್ಬರೂ ಇನ್ನೂ ಜೋರಾಗಿ ಹೊಲಿದರೆ ಅವರ ಮನೇಲಿ ರಾಶಿ ಬೆಳೆಯುತ್ತೆ ಅಷ್ಟೆ, ಡೆಲಿವರಿ ಒಂದೂ ಹೆಚ್ಚಲ್ಲ. ಮೊದಲು ಫಾಲ್ಸ್‌ಗೆ ಬೇರೆಯವರನ್ನ ಹುಡುಕಿ. ರಾತ್ರಿ ಒಂದೇ ಗಂಟು ಕಳಿಸೋ ಬದಲು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಕಳಿಸಿ. ಮಧ್ಯಾಹ್ನ ಹೋದದ್ದು ರಾತ್ರಿಗೇ ವಾಪಸ್ ಬರುತ್ತೆ.

ದುರ್ಗದಬೈಲ್_ಹುಬ್ಬಳ್ಳಿ
ಖರೇ ಮಾತು. ಹುಕ್ಕು ಹಚ್ಚದ ನಿಂತ ಬ್ಲೌಸ್ ಎಷ್ಟವ ಅಂತ ಇವತ್ತ ಎಣಿಸ್ರಿ.

ಕತ್ತರಿ_ಮಾಸ್ಟರ್
ಮೆಷೀನ್ ಕಡೆ ಉಳಿಯೋ ನಿಮಿಷಗಳನ್ನೂ ಹೇಳಿಬಿಡ್ತೀನಿ.

ದಿನದ ಆರು ಬ್ಲೌಸನ್ನ ಬಿಲ್ ನಂಬರ್ ಪ್ರಕಾರ ಹೊಲಿಯಬೇಡಿ, ದಾರದ ಬಣ್ಣದ ಪ್ರಕಾರ ಹೊಲಿಯಿರಿ. ಮರೂನ್, ರಾಣಿ ಪಿಂಕ್ ಒಟ್ಟಿಗೆ, ಹಸಿರುಗಳು ಒಟ್ಟಿಗೆ. ಪ್ರತಿ ಸಲ ಮೇಲಿನ ದಾರ, ಬಾಬಿನ್ (ಕೆಳಗಿನ ದಾರದ ಸುರುಳಿ) ಎರಡೂ ಬದಲಾಯಿಸೋಕೆ ಎರಡು ಮೂರು ನಿಮಿಷ. ಪದೇ ಪದೇ ಬರೋ ಹತ್ತು ಬಣ್ಣಕ್ಕೆ ಬಾಬಿನ್ ಮೊದಲೇ ಸುತ್ತಿಡಿ: ಕಪ್ಪು, ಕ್ರೀಮ್, ಮರೂನ್, ರಾಣಿ ಪಿಂಕ್, ನೇವಿ, ಬಾಟಲ್ ಗ್ರೀನ್, ಗಿಳಿಹಸಿರು, ಸಾಸಿವೆ, ಈರುಳ್ಳಿ ಬಣ್ಣ, ಬೂದು. ಓವರ್‌ಲಾಕ್‌ಗೆ ಕ್ರೀಮ್, ಕಪ್ಪು, ಮರೂನ್ ಮೂರೇ ಸಾಕು. ಕೋನ್ ಬದಲಾಯಿಸೋವಾಗ ಹಳೇ ದಾರಕ್ಕೆ ಹೊಸದು ಗಂಟು ಹಾಕಿ ನಿಧಾನಕ್ಕೆ ಎಳೆಯಿರಿ, ಸೂಜಿ ಹತ್ತಿರ ಗಂಟು ಬಂದಾಗ ಕತ್ತರಿಸಿ ಪೋಣಿಸಿ. ಪ್ರತಿ ಸಲ ಮೊದಲಿಂದ ಪೋಣಿಸೋ ಗೋಳು ತಪ್ಪುತ್ತೆ.

ಸೂಜಿ: ರೇಷ್ಮೆಗೆ 11 ನಂಬರ್, ಕಾಟನ್‌ಗೆ 14 ನಂಬರ್. ಜರಿ ಮೇಲೆ ಓಡಿದ ಸೂಜಿ ಬೇಗ ಮೊಂಡಾಗುತ್ತೆ. ಮೊಂಡು ಸೂಜಿ ರೇಷ್ಮೆಯ ಎಳೆ ಎಳೆಯುತ್ತೆ, ಹೊಲಿಗೆ ಬಿಡುತ್ತೆ, ಜನ ಅದನ್ನ ದಾರದ ಟೆನ್ಷನ್ (ಬಿಗಿತ) ತೊಂದರೆ ಅಂದುಕೊಂಡು ಅರ್ಧ ಗಂಟೆ ಸ್ಕ್ರೂ ತಿರುಗಿಸ್ತಾ ಕೂರ್ತಾರೆ. ಮೊದಲು ಸೂಜಿ ಬದಲಾಯಿಸಿ, ಬಾಬಿನ್ ಕೇಸಿನ ದೂಳು ಬ್ರಷ್‌ನಿಂದ ತೆಗೆಯಿರಿ, ಆಮೇಲೂ ಸರಿಹೋಗದಿದ್ದರೆ ಮಾತ್ರ ಟೆನ್ಷನ್ ಮುಟ್ಟಿ. ಎಣ್ಣೆ ಹಾಕಿದ ಮೇಲೆ ಚಿಂದಿ ಬಟ್ಟೆ ಮೇಲೆ ಓಡಿಸಿ ನೋಡದೆ ಗಿರಾಕಿ ಬಟ್ಟೆ ಇಡಬೇಡಿ.

ಕಾಟನ್ ಲೈನಿಂಗ್ ನೆನೆಸದೆ ಹೊಲಿಯೋ ಅಂಗಡಿಗೆ ಆಲ್ಟರೇಷನ್ ಮುಗಿಯಲ್ಲ. ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲ್ಬಟ್ಟೆ ಸುಕ್ಕು ಸುಕ್ಕಾಗುತ್ತೆ. ವಾರಕ್ಕೆ ಬೇಕಾದ ಲೈನಿಂಗ್ ಶನಿವಾರ ರಾತ್ರಿ ನೆನೆಸಿ, ಭಾನುವಾರ ಒಣಗಿಸಿ, ಸೋಮವಾರ ಒಟ್ಟಿಗೆ ಇಸ್ತ್ರಿ. ಬಣ್ಣ ಬಿಡೋ ಮರೂನ್, ಕಪ್ಪು ಬೇರೆ ಬಕೆಟ್‌ಗೆ.

ಬೊಟಿಕ್_ಉಡುಪಿ
ಕರೆಂಟ್ ತೆಗೆಯೋ ದಿನ ಪೇಪರಿನಲ್ಲಿ ಮೊದಲೇ ಬರ್ತದೆ, ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನಕ್ಕೆ 6 ಪಾಯಿಂಟ್ ಇಡಬೇಡಿ, 2 ಇಡಿ. ಮಾರ್ಕಿಂಗ್, ಕಟಿಂಗ್, ಡೋರಿ ತಿರುಗಿಸೋದು, ಹಳೇ ಬಿಲ್ ಬಾಕಿ ವಸೂಲಿ ಆ ದಿನದ ಕೆಲಸ.

ಇನ್ನು ಫೋನ್. ವಾಟ್ಸಾಪ್ ಬಿಸಿನೆಸ್ ಹಾಕಿ, ಅದು ಉಚಿತ. ಲೇಬಲ್ ಐದು ಸಾಕು: ಹೊಸದು, ವಿವರ ಬಾಕಿ, ಹೊಲಿಗೆಯಲ್ಲಿ, ಹೆಮ್ಮಿಂಗ್, ರೆಡಿ. ಕ್ವಿಕ್ ರಿಪ್ಲೈನಲ್ಲಿ ಒಂದು ಸಂದೇಶ ಉಳಿಸಿಡಿ: "ನಿಮ್ಮ ಬ್ಲೌಸ್ ರೆಡಿ ಇದೆ. 4ರಿಂದ 7.30ರೊಳಗೆ ಬಂದು ಟ್ರಯಲ್ ನೋಡಿ ಒಯ್ಯಿರಿ. ಬಾಕಿ ರೂ. __". ಇದು ಪ್ರತಿಯೊಬ್ಬರಿಗೂ ಬೇರೆ ಬೇರೆ ಹೋಗಬೇಕು. ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪ್ತದೆ, ಉಳಿದವರು ಮತ್ತೆ ಫೋನ್ ಮಾಡೇ ಮಾಡ್ತಾರೆ. ಹೇಳಿದ ತಾರೀಕಿನ ಹಿಂದಿನ ಸಂಜೆ ನೀವೇ ಮೆಸೇಜ್ ಹಾಕಿದರೆ "ಆಯ್ತಾ" ಅನ್ನೋ ಫೋನು ಬಹುಪಾಲು ನಿಲ್ತದೆ. ತಡ ಆಗೋದಾದರೂ ಅಷ್ಟೇ, ಅವರು ಕೇಳೋ ಮೊದಲು ಹೇಳಬೇಕು.

ಲೆಕ್ಕಪತ್ರ_ಮೈಸೂರು
ಲೆಕ್ಕದ ಕಡೆಯಿಂದ ಎರಡು ಮಾತು. ಅಂಗಡಿಯ ಯುಪಿಐಗೆ ಬೇರೆಯೇ ಬ್ಯಾಂಕ್ ಖಾತೆ ಇಡಿ, ಮನೆಯ ಚೀಟಿ ದುಡ್ಡು, ತಂಗಿ ಕಳಿಸಿದ ದುಡ್ಡು ಅದಕ್ಕೆ ಬರದ ಹಾಗೆ ನೋಡಿಕೊಳ್ಳಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಇಂಥ ಬೆರಕೆ ಖಾತೆಯವರಿಗೆ ಯಾವುದು ವ್ಯಾಪಾರ, ಯಾವುದು ಕೈಸಾಲ ಅಂತ ಬಿಡಿಸಿ ತೋರಿಸೋದೇ ದೊಡ್ಡ ಕೆಲಸವಾಯಿತು. ಹೊಲಿಗೆ ಸೇವೆಯ ಲೆಕ್ಕಕ್ಕೆ ಬರೋದರಿಂದ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಜೊತೆಗೆ ಸೀರೆ, ಲೈನಿಂಗ್ ಮಾರಿದರೆ ಅದೂ ಸೇರಿಯೇ ಲೆಕ್ಕ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ.

ಲೆಕ್ಕ ಬರೆಯೋಕೆ ದಿನಾ ಹತ್ತೇ ನಿಮಿಷ, ಬಾಗಿಲು ಹಾಕೋ ಮುನ್ನ: ಬಂದ ನಗದು, ಬಂದ ಯುಪಿಐ, ಖರ್ಚು, ಕೊಟ್ಟ ಮಜೂರಿ. ತಿಂಗಳ ಕೊನೆಗೆ ಕೂತು ನೆನಪು ಮಾಡಿಕೊಂಡು ಬರೆಯೋರ ಒಂದು ಭಾನುವಾರ ಹಾಳು. ಅಂದಹಾಗೆ ಹುಡುಗಿಗೆ ವಾರಕ್ಕೊಂದು ರಜೆ ಕೊಡಲೇಬೇಕು. ನಮ್ಮ ರಾಜ್ಯದ 1961ರ ಅಂಗಡಿ ಕಾಯಿದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ ಇದೆ. 10.30ರಿಂದ 8.30 ಅವರನ್ನ ಕೂರಿಸೋದಾದರೆ ಊಟದ ಬಿಡುವು ಕಳೆದು ಲೆಕ್ಕ ಹಾಕಿ.

ದುರ್ಗದಬೈಲ್_ಹುಬ್ಬಳ್ಳಿ
ಸಾಮಾನು ತರೂದರ ಬಗ್ಗೆ. ಒಂದು ರೀಲ್ ದಾರಕ್ಕ, ಒಂದು ಮೀಟರ್ ಲೈನಿಂಗ್‌ಗೆ ಬಜಾರಕ್ಕ ಓಡಬ್ಯಾಡ್ರಿ. ಓಡೋ ಬಣ್ಣದ ಲೈನಿಂಗ್ 3 ಮೀಟರ್‌ಕ್ಕಿಂತ ಕೆಳಗ ಬಂತಂದ್ರ ಗ್ವಾಡಿ ಮ್ಯಾಲಿನ ಪಟ್ಟಿಗೆ ಬರೀರಿ, ದಾರ ಕಡೀ ಎರಡು ರೀಲಿಗೆ ಬಂದಾಗ ಬರೀರಿ, ಹದಿನೈದು ದಿನಕ್ಕೊಮ್ಮೆ ಹೋಗಿ ಎಲ್ಲಾ ತರ್ರಿ. ಹುಕ್ಕು, ಪ್ಯಾಡ್, ಲಟ್ಕನ್ ಕೂಡ. ತುಮಕೂರಿನವ್ರು ಚಿಕ್ಕಪೇಟಿಗೇ ಹೋಗ್ತಿದ್ರ ರೈಲಿನ್ಯಾಗ ಹೋಗಿ ಹಸಿರು ಮೆಟ್ರೊ ಹಿಡೀರಿ, ಚಿಕ್ಕಪೇಟಿ ಸ್ಟೇಷನ್ ಅದ. ಗಾಡಿ ಒಯ್ದ್ರ ನಿಲ್ಲಿಸೂದಕ್ಕ ಜಾಗಾ ಹುಡುಕೂದ್ರಾಗ ದಿನಾ ಮುಗೀತದ.

ರವಿಕೆಮನೆ_ತುಮಕೂರು
ಇದೆಲ್ಲ ಹೊಸ ಆರ್ಡರ್‌ಗೆ ಆಯ್ತು. ಈಗಾಗಲೇ ತಾರೀಕು ಕೊಟ್ಟುಬಿಟ್ಟ 60ಕ್ಕೆ ಏನು ಮಾಡೋದು?

ಪೀಣ್ಯ_ಐಇ
ಒಂದು ಬೆಳಿಗ್ಗೆ ಹೊಲಿಗೆ ನಿಲ್ಲಿಸಿ ಎಲ್ಲವನ್ನೂ ನೆಲದ ಮೇಲೆ ಹರಡಿ. ಮುಹೂರ್ತ ಇರೋದು ಒಂದು ಸಾಲು: ಮದುವೆ, ಸೀಮಂತ, ಗೃಹಪ್ರವೇಶ. ತಾರೀಕು ಕೊಟ್ಟಿದ್ದರೂ ದಿನಬಳಕೆಯದ್ದು ಎರಡನೇ ಸಾಲು. ವಿವರ ಬಾಕಿ ಇರೋದು ಮೂರನೇದು. ನಾಲ್ಕನೇ ಸಾಲು ಮುಖ್ಯ: ಮುಕ್ಕಾಲು ಮುಗಿದು ಹುಕ್ಕಿಗೋ ತೋಳಿಗೋ ನಿಂತಿರೋದು. ಇದನ್ನ ಮೊದಲು ಮುಗಿಸಿ. ಒಂದೆರಡು ದಿನಕ್ಕೆ ಹತ್ತು ಹನ್ನೆರಡು ಹೊರಗೆ ಹೋಗುತ್ತೆ, ಬಾಕಿ ದುಡ್ಡೂ ಕೈಗೆ ಬರುತ್ತೆ.

ಆಮೇಲೆ ಮೊದಲ ಸಾಲನ್ನ ಕ್ಯಾಲೆಂಡರಿಗೆ ಹಾಕಿ, ಉಳಿದ ಜಾಗಕ್ಕೆ ಎರಡನೇದು. ಎರಡನೇ ಸಾಲಿನೋರಿಗೆಲ್ಲ ಅದೇ ದಿನ ಸಂಜೆ ನೀವೇ ಫೋನ್ ಮಾಡಿ ಹೊಸ ತಾರೀಕು ಹೇಳಿ. ಒಂದೇ ಸಲ, ಎರಡು ದಿನ ಹೆಚ್ಚೇ ಇಟ್ಟು. "ನಾಳೆ ನಾಡಿದ್ದು" ಅಂತ ಮತ್ತೆ ಮತ್ತೆ ಮುಂದೆ ಹಾಕೋದೇ ಜನಕ್ಕೆ ಸಿಟ್ಟು ತರಿಸೋದು. ಮೂರನೇ ಸಾಲು ವಿವರ ಬರೋವರೆಗೆ ಕ್ಯಾಲೆಂಡರಿಗೆ ಹತ್ತಬಾರದು.

ಬೊಟಿಕ್_ಉಡುಪಿ
ಅರ್ಜೆಂಟ್‌ಗೆ ದಿನಕ್ಕೆ ಒಂದೇ ಪಾಯಿಂಟ್, ಮಜೂರಿ ಒಂದೂವರೆ ಪಟ್ಟು, ಪೂರ್ತಿ ಮುಂಗಡ. ಆ ಒಂದು ಯಾರೂ ಕೇಳದಿದ್ದರೆ ಹಿಂದೆ ಬಿದ್ದದ್ದು ಎಳೆದುಕೊಳ್ಳಿ. ಮಾಮೂಲಿ ಆರ್ಡರ್‌ಗೆ ಅರ್ಧ ಮುಂಗಡ ಇಸ್ಕೊಳ್ಳದಿದ್ದರೆ ರೆಡಿ ಬ್ಲೌಸ್ ತಿಂಗಳುಗಟ್ಟಲೆ ಹ್ಯಾಂಗರ್‌ನಲ್ಲೇ ಉಳೀತದೆ.

ಕತ್ತರಿ_ಮಾಸ್ಟರ್
ಹಬ್ಬದ ಲೆಕ್ಕ ಒಂದು ಉಳೀತು. ವರಮಹಾಲಕ್ಷ್ಮಿ, ಗೌರಿ, ದಸರಾ, ಪ್ರತಿಯೊಂದಕ್ಕೂ ಆರ್ಡರ್ ನಿಲ್ಲಿಸೋ ದಿನವನ್ನ ಹಬ್ಬದಿಂದ ಹಿಂದಕ್ಕೆ ಎಣಿಸಿ. ಹಬ್ಬಕ್ಕೆ ಎರಡು ದಿನ ಮುಂಚೆ ಎಲ್ಲ ಡೆಲಿವರಿ ಆಗಿರಬೇಕು, ಅಲ್ಲಿಂದ ಹಿಂದಕ್ಕೆ ಕ್ಯಾಲೆಂಡರಿನ ಮನೆಗಳು ತುಂಬಿದ ದಿನವೇ "ಆರ್ಡರ್ ನಿಲ್ಲಿಸಿದೆ" ಅಂತ ಬೋರ್ಡ್ ಹಾಕೋದು. ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಕೆಲಸ ಇಳಿಯುತ್ತೆ. ಮೆಷೀನ್ ಸರ್ವೀಸ್, ಕಾಯಂ ಗಿರಾಕಿಗಳಿಗೆ ಅಳತೆ ಪೇಪರ್ ಪ್ಯಾಟರ್ನ್ ಕತ್ತರಿಸಿಡೋದು, ಹುಡುಗಿಗೆ ಕಟಿಂಗ್ ಕಲಿಸೋದು, ಎಲ್ಲ ಆಗ. ಕಾಯಂ ಗಿರಾಕಿಯ ಪ್ಯಾಟರ್ನ್ ಕಾಗದದಲ್ಲಿದ್ದರೆ ಕಟಿಂಗ್ 15 ನಿಮಿಷದ್ದು 8ಕ್ಕೆ ಇಳಿಯುತ್ತೆ.

ಆದರೆ ಜೂನ್, ಜುಲೈ ಅಂತ ಇಂಗ್ಲಿಷ್ ತಿಂಗಳು ಹಿಡಿದು ಕೂರಬೇಡಿ. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಆಷಾಢ ಜುಲೈ ಮಧ್ಯಕ್ಕೆ ಶುರುವಾಗಿ ಆಗಸ್ಟ್ ಎರಡನೇ ವಾರದವರೆಗೆ ಹೋಗುತ್ತೆ. ಅಧಿಕ ಮಾಸದಲ್ಲೂ ಮದುವೆ ಮಾಡಲ್ಲ, ಹಾಗಾಗಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಇನ್ನೊಂದು ಬಿಡುವು. ನಡುವಿನ ನಿಜ ಜ್ಯೇಷ್ಠದ ಒಂದು ತಿಂಗಳಿಗೆ ಮದುವೆ ಕೆಲಸ ಒತ್ತಿಕೊಂಡು ಬರುತ್ತೆ. ಹೆಮ್ಮಿಂಗ್‌ಗೆ ಎರಡನೆಯವರನ್ನ ಆ ತಿಂಗಳಿಗೆ ಮುಂಚೆಯೇ ಗೊತ್ತು ಮಾಡಿಕೊಂಡಿರಿ.

ರವಿಕೆಮನೆ_ತುಮಕೂರು
ಹುಕ್ಕಿಗೆ ನಿಂತದ್ದು ಎಣಿಸಿದೆ, 14 ಇವೆ. ಫಾಲ್ಸ್ ಇನ್ನು ಬೇರೆಯವರಿಗೆ ಕೊಡ್ತೀನಿ. ಪೇಪರ್ ಪ್ಯಾಟರ್ನ್‌ಗೆ ಯಾವ ಕಾಗದ ಮಾಸ್ಟ್ರೇ?

ಕತ್ತರಿ_ಮಾಸ್ಟರ್
ಖಾಕಿ ಬಣ್ಣದ ಬ್ರೌನ್ ಶೀಟ್, ಪುಸ್ತಕಕ್ಕೆ ಬೈಂಡ್ ಹಾಕೋದಕ್ಕಿಂತ ಸ್ವಲ್ಪ ದಪ್ಪದ್ದು. ಹೊಲಿಗೆ ಮಾರ್ಜಿನ್ ಸೇರಿಸದೆ ನೆಟ್ ಅಳತೆಗೆ ಕತ್ತರಿಸಿ. ಮಾರ್ಜಿನ್ ಬಟ್ಟೆ ಮೇಲೆ ಚಾಕ್‌ನಲ್ಲಿ ಹಾಕಿಕೊಳ್ಳೋದು, ಸೈಡಿಗೆ ಒಂದೂವರೆ ಇಂಚು. ಪ್ರತಿ ತುಂಡಿನ ಮೇಲೆ ಹೆಸರು, ತಾರೀಕು ಬರೆಯಿರಿ. ವರ್ಷ ದಾಟಿದ ಪ್ಯಾಟರ್ನ್ ಆದರೆ ಟೇಪ್ ಹಿಡಿಯದೆ ಬಳಸಬೇಡಿ.